ಬಾಯ್ಲರ್ ಕವರ್ ಮಾಡಿಸಬೇಕೆ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸ್ವಂತ ಮನೆ ಕೊಂಡಿದ್ದೇವೆ. ಮನೆಯನ್ನು ಬೆಚ್ಚಗಿಟ್ಟು ನಲ್ಲಿಗೂ ಬಿಸಿನೀರು ಕೊಡುವ ಕಾಂಬಿ ಬಾಯ್ಲರಿಗೆ ಆರು ವರ್ಷವಾಗಿದೆ. ಕೆಟ್ಟರೆ ರಿಪೇರಿ ಮಾಡಿಕೊಡುವ ಕವರಿಗೆ ತಿಂಗಳಿಗೆ 20 ಪೌಂಡ್ ಕೇಳುತ್ತಿದ್ದಾರೆ. ಮಾಡಿಸುವುದು ಲಾಭವೇ?

ಉತ್ತರ: ಮೊದಲು ವಾರಂಟಿ ಕಾಗದ ಹುಡುಕಿ. ಎಷ್ಟೋ ಬಾಯ್ಲರುಗಳಿಗೆ 5ರಿಂದ 10 ವರ್ಷದ ವಾರಂಟಿ ಇರುತ್ತದೆ. ಆದರೆ ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಎಂಜಿನಿಯರುಗಳ ಅಧಿಕೃತ ಪಟ್ಟಿ) ನೋಂದಣಿಯಿರುವ ಎಂಜಿನಿಯರಿಂದ ಪ್ರತಿ ವರ್ಷ ಸರ್ವಿಸ್ ಮಾಡಿಸಿದ ದಾಖಲೆ ಬೇಕು. ವಾರಂಟಿ ಚಾಲ್ತಿಯಲ್ಲಿದ್ದರೆ ಬಾಯ್ಲರಿಗಷ್ಟೇ ಸಿಗುವ ಕವರ್ ದಂಡ.

ಮುಗಿದಿದ್ದರೆ ಲೆಕ್ಕ ಹಾಕಿ. ವರ್ಷಕ್ಕೆ 240 ಪೌಂಡ್. ಅದರ ಮೇಲೆ ಪ್ರತಿ ರಿಪೇರಿಗೂ ನಿಮ್ಮ ಪಾಲು, ಅಂದರೆ 'ಎಕ್ಸೆಸ್', 60 ಪೌಂಡ್ ಎಂದಿಟ್ಟುಕೊಂಡರೆ, ಒಂದು ರಿಪೇರಿಯಾದ ವರ್ಷ 300 ಆಯಿತು. ವಾರ್ಷಿಕ ಸರ್ವಿಸ್ ಇದರಲ್ಲೇ ಸೇರಿದೆಯೇ ಎಂದು ತಪ್ಪದೆ ಕೇಳಿ.

ಷರತ್ತುಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಸುಣ್ಣದ ಪದರ ಮತ್ತು ಕೆಸರಿನ ಮಾತು. ರೆಡಿಂಗ್‌ನದು ಗಡಸು ನೀರು. ನಲ್ಲಿಯ ನೀರನ್ನು ಬಿಸಿ ಮಾಡುವ ಭಾಗವಾದ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ ಸುಣ್ಣ ಕಟ್ಟಿದರೆ ನಲ್ಲಿಯ ಬಿಸಿನೀರು ಒಮ್ಮೆ ಸುಡುತ್ತದೆ, ಒಮ್ಮೆ ತಣ್ಣಗಾಗುತ್ತದೆ. ಇಂಥ ಹಾನಿಯನ್ನು ಹಲವು ಕವರುಗಳು ಹೊರಗಿಡುತ್ತವೆ. ಕೋಣೆ ಬೆಚ್ಚಗಾಗಿಸುವ ರೇಡಿಯೇಟರಿನ ಗಾಳಿ ಬಿಡುವಾಗ ಕಪ್ಪು ನೀರು ಬಂದರೆ ಒಳಗೆ ತುಕ್ಕಿನ ಕೆಸರಿದೆ; ಮೊದಲು ಅದನ್ನು ತೊಳೆಸಿ. ಕವರ್ ಕೊಳ್ಳುವ ಮುಂಚೆಯೇ ಇದ್ದ ದೋಷಕ್ಕೂ ಹಣ ಸಿಗುವುದಿಲ್ಲ.

ಬಾಯ್ಲರಿನ ನೀರಿನ ಒತ್ತಡ 1 ಬಾರ್‌ಗಿಂತ ಇಳಿದು ಬಾಯ್ಲರ್ ನಿಂತರೆ ಯಾರನ್ನೂ ಕರೆಯಬೇಕಿಲ್ಲ. ಬಾಯ್ಲರ್ ತಣ್ಣಗಿದ್ದಾಗ ಫಿಲ್ಲಿಂಗ್ ಲೂಪಿನ (ಬಾಯ್ಲರಿಗೆ ನೀರು ತುಂಬುವ ಕೊಳವೆಯ) ಕವಾಟ ನಿಧಾನ ತೆರೆದು 1ರಿಂದ 1.5 ಬಾರ್‌ಗೆ ತಂದು ಮುಚ್ಚಿ. ಪದೇ ಪದೇ ಇಳಿದರೆ ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲ್ ಕೆಟ್ಟಿರಬೇಕು.

ರಿಪೇರಿಗೆಂದು ಕೈಯಲ್ಲಿ 500 ಪೌಂಡ್ ತೆಗೆದಿಡಬಲ್ಲಿರಾದರೆ ನಮ್ಮ ಸಲಹೆ: ಕವರ್ ಬೇಡ, ಸರ್ವಿಸ್ ತಪ್ಪಿಸಬೇಡಿ. ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇದ್ದು, ಜನವರಿಯ ಚಳಿಯಲ್ಲಿ ಎಂಜಿನಿಯರನ್ನು ಹುಡುಕುವುದು ಕಷ್ಟವೆನಿಸಿದರೆ ಮಾಡಿಸಿ, ಎಷ್ಟು ಗಂಟೆಯೊಳಗೆ ಬರುತ್ತಾರೆಂದು ಬರಹದಲ್ಲಿ ಪಡೆಯಿರಿ.