ಎಚ್ಚೆನ್ ನಿಜವಾಗಿ ಫಿಸಿಕ್ಸ್ ಮೇಷ್ಟ್ರೇನಾ?

ಪವಾಡ ಪ್ರಶ್ನಿಸಿದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಅಂತಷ್ಟೇ ಎಚ್. ನರಸಿಂಹಯ್ಯನವರು ಗೊತ್ತು, ಅವರು ಓದಿದ್ದೇನು, ಸಂಶೋಧನೆ ಯಾವುದರಲ್ಲಿ ಅಂತ ಕೇಳಿದ್ದೀರಿ. ನಾನೂ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಇರೋಕಾಗಲಿಲ್ಲ.

ಅವರು ಅಪ್ಪಟ ಫಿಸಿಕ್ಸ್ ಮೇಷ್ಟ್ರು. ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಕಡು ಬಡತನ. 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಊರಿಂದ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದುವಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಲೆಕ್ಚರರ್ ಆದರು.

ಸಂಶೋಧನೆ ಮಾಡಿದ್ದು ಪರಮಾಣು ಬೀಜದ ಭೌತಶಾಸ್ತ್ರದಲ್ಲಿ, ಅಂದರೆ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಿಂದ 1960ರಲ್ಲಿ ಪಿಎಚ್.ಡಿ. ಪಡೆದರು. ಆಗ ಅವರಿಗೆ ನಲವತ್ತು! ಹದಿನಾಲ್ಕು ವರ್ಷದ ಹಿಂದೆಯೇ ಮೇಷ್ಟ್ರಾಗಿದ್ದವರು ಮತ್ತೆ ವಿದ್ಯಾರ್ಥಿಯಾಗೋದು ಅಷ್ಟು ಸುಲಭ ಅಲ್ಲ. ವಾಪಸ್ ಬಂದು ತಮ್ಮ ಕಾಲೇಜಿಗೇ ಪ್ರಿನ್ಸಿಪಾಲರಾದರು. ಅವರ ಹೆಸರು ನಿಂತಿರೋದು ಸಂಶೋಧನಾ ಪ್ರಬಂಧಗಳಿಂದ ಅಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನನ್ನ ಮಟ್ಟಿಗೆ ಅದೇನೂ ಕೊರತೆಯಲ್ಲ.

ಯಾಕಂದ್ರೆ ಅವರಿಗೆ ಪಾಠದ ಮೇಲೇ ಪ್ರೀತಿ ಜಾಸ್ತಿ. ಆ ಪಾಠ ಕ್ಲಾಸ್‌ರೂಮಿನ ಆಚೆಗೂ ಹೋಯಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಸಂಜೆ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ವಿದ್ಯಾರ್ಥಿಯಾಗಿದ್ದಾಗ ನಾನೂ ಹಿಂದಿನ ಸಾಲಿನಲ್ಲಿ ಕೂತವನೇ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಲೈಬ್ರರಿ ಇತ್ತು. ಮದುವೆಯಾಗದೆ, ಖಾದಿ ಉಟ್ಟು, ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕು ಕಳೆದ ಮನುಷ್ಯ ಅವರು. ಕುಲಪತಿ ಅಂದಾಕ್ಷಣ ಕಣ್ಮುಂದೆ ಬರುವ ಗತ್ತಿಗೂ ಅವರಿಗೂ ಸಂಬಂಧವೇ ಇರಲಿಲ್ಲ.

ಇನ್ನು ಪವಾಡದ ಮಾತು. ಅದು ಬೇರೆ, ಫಿಸಿಕ್ಸ್ ಬೇರೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಲ್ಲ. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ನಮ್ಮೆದುರು ಮಾಡಿ ತೋರಿಸಿ ಅಂತ ಕೇಳಿದರು. ವಿಭೂತಿ, ಉಂಗುರ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಲಿ ಅನ್ನೋದು ಅವರ ಸವಾಲು. ಇದನ್ನು ತಮಾಷೆ ಅಂತ ನಕ್ಕು ಬಿಡುತ್ತಾರೆ. ಆದರೆ ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಮರ್ಮ ಗೊತ್ತಾಗುತ್ತೆ. ಉಂಗುರ ತೋಳಿನೊಳಗೆ ಅಡಗುತ್ತೆ, ಕುಂಬಳಕಾಯಿ ಅಡಗಲ್ಲ. ಫಲಿತಾಂಶಕ್ಕೆ ಬೇರೆ ಯಾವ ಕಾರಣ ಇರಬಹುದೋ ಅದನ್ನು ಮೊದಲೇ ಮುಚ್ಚಿಬಿಡೋದು, ಪ್ರಯೋಗ ಕಟ್ಟುವವರು ಮಾಡುವ ಮೊದಲ ಕೆಲಸ ಅದೇ ಅಲ್ವಾ?

ಮೂರು ಪತ್ರ ಹೋದವು. ಕುಂಬಳಕಾಯಿ ಬರಲಿಲ್ಲ.