ಟಿಪ್ಪರ್ ಜಮೀನಿಗೆ ಬರುವ ಮೊದಲೇ ಮುಗಿಸಬೇಕಾದ ಕೆಲಸ

ಚನ್ನಗಿರಿ ಕಡೆಯ ಮಿತ್ರರ ಪ್ರಶ್ನೆ ಓದಿದೆ. ತೋಟದ ತಗ್ಗಿನ ಮೂಲೆಯಲ್ಲಿ ಅಡಿಕೆ ಗೋದಾಮು, ಅದರ ಮುಂದೆ ಕಣ. ಅದಕ್ಕೆ ಮೂರು ಅಡಿ ಗ್ರಾವೆಲ್ ತುಂಬಿಸಬೇಕು. ಹತ್ತು ಚಕ್ರದ ಟಿಪ್ಪರ್‌ಗಳು ಬರಲಿವೆ, ಮೇಲೆ ಹನ್ನೊಂದು ಕೆವಿ ತಂತಿ ಹಾದಿದೆ, ಪಕ್ಕದಲ್ಲಿ ಕೃಷಿ ಹೊಂಡವಿದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಏನೇನು ಜಾಗ್ರತೆ ಬೇಕು ಎಂದು ಕೇಳಿದ್ದೀರಿ. ಕೆಳಗೆ ಒಬ್ಬರು "ಡ್ರೈವರ್‌ಗೆ ಅವನ ಕೆಲಸ ಗೊತ್ತಿರುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದಿದ್ದಾರೆ. ಇನ್ನೊಬ್ಬರು "ಹನ್ನೆರಡು ಚಕ್ರದ್ದನ್ನೇ ಕರೆಸಿ, ಯೂನಿಟ್ ಲೆಕ್ಕಕ್ಕೆ ಅಗ್ಗ ಬೀಳುತ್ತದೆ" ಎಂದಿದ್ದಾರೆ. ಎರಡೂ ಮಾತನ್ನು ನಾನು ಒಪ್ಪುವುದಿಲ್ಲ.

ತೋಟಕ್ಕೆ ಇಳಿಯುವ ಮೊದಲು ನಾನು ರಸ್ತೆ ಕಾಮಗಾರಿಗಳಲ್ಲಿ ಟಿಪ್ಪರ್ ಓಡಿಸಿದವನು, ಆಮೇಲೆ ಸೈಟ್ ಮೇಲ್ವಿಚಾರಣೆಯನ್ನೂ ನೋಡಿಕೊಂಡವನು. ಡ್ರೈವರ್‌ಗೆ ಅವನ ಗಾಡಿ ಗೊತ್ತು, ನಿಜ. ನಿಮ್ಮ ನೆಲ ಗೊತ್ತಿಲ್ಲ. ನಿಮ್ಮ ಅಜ್ಜನ ಕಾಲದ ಬಾವಿಯನ್ನು ಎಲ್ಲಿ ಮುಚ್ಚಿದ್ದೀರಿ, ಬಸಿಗಾಲುವೆಯ ಮೇಲೆ ಎಷ್ಟು ದಪ್ಪದ ಮಣ್ಣಿದೆ, ಮೋರಿಗೆ ಹಾಕಿದ ಸಿಮೆಂಟ್ ಪೈಪು ಎಷ್ಟು ವರ್ಷ ಹಳೆಯದು, ಗದ್ದೆಯಾಗಿದ್ದ ಭಾಗ ಯಾವುದು ಎಂಬುದನ್ನು ನೀವು ಹೇಳದಿದ್ದರೆ ಅವನಿಗೆ ತಿಳಿಯುವುದು ಚಕ್ರ ಹೂತ ಮೇಲೆಯೇ. ಟಿಪ್ಪರ್ ಮಗುಚಿದಾಗ ಎಲ್ಲರೂ ಡ್ರೈವರ್‌ನನ್ನು ಬೈಯುತ್ತಾರೆ. ಎಲ್ಲಿ ಸುರಿಯಬೇಕು ಎಂದು ಕೈ ತೋರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಬಹುಪಾಲು ಜಾಗದ ಮಾಲೀಕನೇ ಕೈ ತೋರಿಸಿರುತ್ತಾನೆ.

ಮೊದಲು ತಂತಿಯ ವಿಷಯ, ಏಕೆಂದರೆ ಅಲ್ಲಿ ಎರಡನೆಯ ಅವಕಾಶವಿರುವುದಿಲ್ಲ. ರಸ್ತೆಯಲ್ಲದ ಜಾಗದಲ್ಲಿ ಹನ್ನೊಂದು ಕೆವಿಯ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಮೇಲಿರಬೇಕು ಎಂಬುದು ನಿಯಮ. ರಸ್ತೆಗೆ ಅಡ್ಡಲಾಗಿ ಹಾದರೆ 6.1 ಮೀಟರ್. ಹತ್ತು ಚಕ್ರದ ಟಿಪ್ಪರ್‌ನ ಬಾಡಿ ಪೂರ್ತಿ ಎದ್ದಾಗ ಅದರ ಮುಂತುದಿ ಆರು ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ, ಸುಮಾರು 20 ಅಡಿ. ಎಂದರೆ ನಿಯಮದ ಪ್ರಕಾರವೇ ಎಳೆದ ತಂತಿಯ ಕೆಳಗೂ ಬಾಡಿ ಎತ್ತುವಂತಿಲ್ಲ. ನಿಮ್ಮಲ್ಲಿ ಇನ್ನೂ ಒಂದು ತೊಡಕಿದೆ. ನೀವು ಮೂರು ಅಡಿ ತುಂಬಿಸುತ್ತಿದ್ದೀರಿ. ತಂತಿ ಇದ್ದಲ್ಲೇ ಇರುತ್ತದೆ, ನೆಲ ಮೂರು ಅಡಿ ಮೇಲೆ ಬರುತ್ತದೆ. ಮೊದಲ ದಿನ ದಾಟಿದ ಗಾಡಿ ಕೊನೆಯ ದಿನ ಅದೇ ಜಾಗದಲ್ಲಿ ತಂತಿಗೆ ತೀರಾ ಹತ್ತಿರ ಬಂದಿರುತ್ತದೆ. ಅದರ ಮೇಲೆ ಬೇಸಿಗೆಯ ಮಧ್ಯಾಹ್ನ ತಂತಿ ಬಿಸಿಗೆ ಹಿಗ್ಗಿ ಇನ್ನಷ್ಟು ಜೋತು ಬೀಳುತ್ತದೆ. ಹೆಚ್ಚಿನ ವೋಲ್ಟೇಜ್‌ನಲ್ಲಿ ಮುಟ್ಟಲೇಬೇಕೆಂದೂ ಇಲ್ಲ, ಹತ್ತಿರ ಬಂದರೇ ಕಿಡಿ ಹಾರುತ್ತದೆ. ಗೋದಾಮು ಎದ್ದ ಮೇಲೂ ಇದೇ ತಂತಿ ತಲೆಯ ಮೇಲಿರುತ್ತದೆ, ಹಾಗಾಗಿ ಮಾರ್ಗ ಬದಲಿಸಲು ಬೆಸ್ಕಾಂ ಶಾಖಾ ಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಅದು ತಡವಾದರೆ ಸುರಿಯುವ ಜಾಗವನ್ನು ತಂತಿಯಿಂದ ದೂರ ಇಟ್ಟುಕೊಳ್ಳಿ. ತಂತಿಯ ಕೆಳಗಿನ ಭಾಗವನ್ನು ಜೆಸಿಬಿಯಿಂದ ತಳ್ಳಿಯೇ ತುಂಬಿಸಬೇಕಾದರೆ, ಆ ಹೊತ್ತಿಗೆ ಲೈನ್ ಕ್ಲಿಯರ್, ಅಂದರೆ ತಂತಿಯ ವಿದ್ಯುತ್ ನಿಲ್ಲಿಸಿದ್ದೇವೆ ಎಂಬ ಅಧಿಕೃತ ಒಪ್ಪಿಗೆ, ಕೇಳಿ ಪಡೆಯಿರಿ. ಪವರ್‌ಮ್ಯಾನ್ ಪರಿಚಯದವನು, ಫೋನಿನಲ್ಲೇ ಆಫ್ ಮಾಡಿಸುತ್ತೇನೆ ಎಂಬ ಏರ್ಪಾಡು ಬೇಡ. ನಿಮಗೆ ತಿಳಿಯದ ಹಾಗೆ ಮತ್ತೆ ಆನ್ ಆಗುತ್ತದೆ.

ತಂತಿಯ ಕೆಳಗೆ ಗಾಡಿ ಹಾದುಹೋಗಲೇಬೇಕಾದರೆ ತಂತಿಯ ಎರಡೂ ಕಡೆ, ಸಾಕಷ್ಟು ದೂರದಲ್ಲಿ, ದಾರಿಯ ಅಕ್ಕಪಕ್ಕ ಬಿದಿರಿನ ಗಳ ನೆಟ್ಟು 12 ಅಡಿ ಎತ್ತರದಲ್ಲಿ ಒಂದು ಹಗ್ಗ ಕಟ್ಟಿ, ಕೆಂಪು ಬಟ್ಟೆ ಇಳಿಬಿಡಿ. ಬಾಡಿ ಇಳಿಸಿದ ಟಿಪ್ಪರ್ ಅದರಡಿ ಸರಾಗವಾಗಿ ಹೋಗುತ್ತದೆ, ಎತ್ತಿದ್ದು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಇದು ಏಕೆಂದರೆ, ಸುರಿದ ಮೇಲೆ ಬಾಡಿ ಪೂರ್ತಿ ಇಳಿಯುವ ಮೊದಲೇ ಗಾಡಿ ಹೊರಡಿಸುವುದು ನಮ್ಮಲ್ಲಿ ತೀರಾ ಮಾಮೂಲಿ. ಇನ್ನು ಕೆಲವರು ಪಿಟಿಓ, ಅಂದರೆ ಬಾಡಿ ಎತ್ತುವ ಪಂಪಿಗೆ ಎಂಜಿನ್ನಿನ ಶಕ್ತಿ ಕೊಡುವ ಜೋಡಣೆ, ಬಿಡಿಸುವುದನ್ನೇ ಮರೆಯುತ್ತಾರೆ, ಗಾಡಿ ಓಡುತ್ತಿದ್ದಂತೆ ಬಾಡಿ ತಾನಾಗಿ ಏಳಲು ತೊಡಗುತ್ತದೆ. ಕಬ್ಬಿಣದ ಕಂಬ ಮಾತ್ರ ನೆಡಬೇಡಿ.

ಅಕಸ್ಮಾತ್ ತಂತಿಗೆ ತಗುಲಿಯೇಬಿಟ್ಟರೆ ಡ್ರೈವರ್ ಕ್ಯಾಬಿನ್‌ನಲ್ಲೇ ಕುಳಿತಿರಬೇಕು. ಸಾಧ್ಯವಾದರೆ ಬಾಡಿ ಇಳಿಸಿ ಗಾಡಿಯನ್ನು ಬಿಡಿಸಿಕೊಳ್ಳಬಹುದು. ಕೆಳಗಿರುವವರು ಯಾರೂ ಗಾಡಿಯ ಹತ್ತಿರ ಸುಳಿಯಬಾರದು, ಕನಿಷ್ಠ ಹತ್ತು ಮೀಟರ್ ಆಚೆ ಇರಬೇಕು. ನೆಲದಲ್ಲೂ ವಿದ್ಯುತ್ ಹರಡಿರುತ್ತದೆ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ನಿಲ್ಲಿಸಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಇಳಿಯುವುದು. ಬೆಂಕಿ ಹತ್ತಿಕೊಂಡರೆ ಮಾತ್ರ ಜಿಗಿಯಬೇಕು. ಅದೂ ಎರಡೂ ಕಾಲು ಜೋಡಿಸಿ, ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ ಜಿಗಿದು, ಕಾಲು ಅಗಲಿಸದೆ ಕುಪ್ಪಳಿಸುತ್ತಲೇ ದೂರ ಹೋಗಬೇಕು. ಸಹಾಯಕ್ಕೆಂದು ಓಡಿ ಬಾಗಿಲ ಹಿಡಿಕೆಗೆ ಕೈ ಹಾಕಿದವನೇ ಇಂಥ ಕಡೆ ಮೊದಲು ಸಾಯುವುದು. ಇದನ್ನು ನಿಮ್ಮ ಕೆಲಸದವರಿಗೆ ಮೊದಲೇ ಹೇಳಿಡಿ, ಆ ಗಳಿಗೆಯಲ್ಲಿ ಹೇಳಲು ಆಗುವುದಿಲ್ಲ.

ಇನ್ನು ಮಗುಚುವ ವಿಷಯ. ನಿಮ್ಮ ತುಂಬಿಸುವ ಕೆಲಸದಲ್ಲಿ ಹೆಚ್ಚು ಸಂಭವವಿರುವ ಅಪಾಯ ಇದು. ಹಿಂದಿನ ಚಕ್ರಗಳ ಎಡಕ್ಕೂ ಬಲಕ್ಕೂ ನಡುವಿನ ಅಂತರ ಸುಮಾರು ಎರಡು ಮೀಟರ್. ಒಂದು ಕಡೆ ನಾಲ್ಕು ಇಂಚು ತಗ್ಗಿದ್ದರೆ ಆರು ಮೀಟರ್ ಮೇಲಿರುವ ಬಾಡಿಯ ತುದಿ ಒಂದು ಅಡಿ ಪಕ್ಕಕ್ಕೆ ವಾಲಿರುತ್ತದೆ. ಹಾಗೆ ವಾಲಿದಾಗ ಭಾರವೆಲ್ಲ ಅದೇ ಕಡೆಯ ಟೈರು, ಸ್ಪ್ರಿಂಗ್ ಪ್ಲೇಟುಗಳ ಮೇಲೆ ಬಿದ್ದು ಅವು ಇನ್ನಷ್ಟು ಕುಸಿಯುತ್ತವೆ, ನೆಲ ಮೆತ್ತಗಿದ್ದರೆ ಚಕ್ರವೂ ಇಳಿಯುತ್ತದೆ. ಒಂದಕ್ಕೊಂದು ಸೇರಿಕೊಂಡು ಹೋಗುವುದರಿಂದ ಹೊರಗೆ ನಿಂತವರಿಗೆ ಗಾಡಿ ಇದ್ದಕ್ಕಿದ್ದಂತೆ ಬಿದ್ದ ಹಾಗೆ ಕಾಣುತ್ತದೆ.

ಇದರಲ್ಲಿ ಒದ್ದೆ ಮಣ್ಣಿನ ಕಾಟ ಬೇರೆ. ಒಂದು ಬಡಾವಣೆಯ ಕೆಲಸದಲ್ಲಿ ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಬಾಡಿ ಪೂರ್ತಿ ಎದ್ದಿತ್ತು, ಹಿಂದಿನ ಅರ್ಧ ಮಣ್ಣು ಜಾರಿ ಬಿದ್ದಿತ್ತು, ಮುಂದಿನ ಅರ್ಧ ಪಾತ್ರೆಯ ತಳಕ್ಕೆ ಸೀದ ಪಾಯಸದಂತೆ ಕಚ್ಚಿಕೊಂಡಿತ್ತು. ಭಾರವೆಲ್ಲ ಮೇಲ್ತುದಿಯಲ್ಲೇ ಉಳಿದಿತ್ತು. ಡ್ರೈವರ್ ಮಣ್ಣು ಉದುರಿಸಲು ಗಾಡಿಯನ್ನು ಹಿಂದಕ್ಕೆ ಬಿಟ್ಟು ಥಟ್ಟನೆ ಬ್ರೇಕ್ ಒತ್ತಿದ. ಮೊದಲ ಕುಲುಕಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಡಗಡೆಯ ಹಿಂಚಕ್ರ ಹೊಸದಾಗಿ ತುಂಬಿದ ಮಣ್ಣಿನಲ್ಲಿ ಗೇಣುದ್ದ ಇಳಿಯಿತು. ಬಲಗಡೆಯ ಟೈರುಗಳ ಉಬ್ಬು ಮಾಯವಾಗಿ ಅವು ನೇರವಾಗಿ ನಿಂತದ್ದು ಕಾಣಿಸಿತು, ಅಷ್ಟರಲ್ಲಿ ಗಾಡಿ ಎಡಕ್ಕೆ ಒರಗಿಯಾಗಿತ್ತು. ಆ ಪಕ್ಕದಲ್ಲಿ ಯಾರೂ ಇರಲಿಲ್ಲ. ಡ್ರೈವರ್ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಒಳಗೇ ಕುಳಿತಿದ್ದರಿಂದ ತರಚು ಗಾಯದಲ್ಲೇ ಮುಗಿಯಿತು. ಹೊರಗೆ ಜಿಗಿದಿದ್ದರೆ ಗಾಡಿ ಅವನ ಮೇಲೆಯೇ ಬೀಳುತ್ತಿತ್ತು. ಹಾಗಾಗಿ ನಿಮ್ಮಲ್ಲಿಗೆ ಬರುವ ಡ್ರೈವರ್‌ಗೆ ಸೀಟ್ ಬೆಲ್ಟ್ ಹಾಕಿಕೊಂಡೇ ಸುರಿಯಲು ಹೇಳಿ. ನಕ್ಕರೆ ನಗಲಿ.

ಮಣ್ಣು ಅಂಟಿಕೊಂಡರೆ ಬಾಡಿ ಪೂರ್ತಿ ಇಳಿಸಬೇಕು, ಜೆಸಿಬಿ ಬಕೆಟ್ಟಿನಿಂದ ಮೇಲಿನಿಂದ ಸಡಿಲಿಸಬೇಕು, ಆಮೇಲೆ ಮತ್ತೆ ಎತ್ತಬೇಕು. ಎತ್ತಿದ ಬಾಡಿಯೊಳಗೆ ಸಲಿಕೆ ಕೊಟ್ಟು ಹುಡುಗನನ್ನು ಹತ್ತಿಸುವುದನ್ನು ನಾನು ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಮಣ್ಣು ಜಾರಿದಾಗ ಅವನೂ ಅದರಡಿಯಲ್ಲೇ ಬರುತ್ತಾನೆ.

ಸುರಿಯುವ ಕಟ್ಟೆಯನ್ನು ನೀವೇ ಸಿದ್ಧಮಾಡಿ. ಗಟ್ಟಿ ನೆಲದ ಕಡೆಯಿಂದ ಕೆಲಸ ಶುರುವಾಗಲಿ. ಟಿಪ್ಪರ್ ಯಾವಾಗಲೂ ರೋಲರ್ ಓಡಿಸಿ ಗಟ್ಟಿಮಾಡಿದ ಪದರದ ಮೇಲೇ ನಿಂತು ಸುರಿಯಬೇಕು, ಅಂಚಿನವರೆಗೆ ಹೋಗಬಾರದು. ಅಲ್ಲಿಂದ ಮುಂದಕ್ಕೆ ಜೆಸಿಬಿ ತಳ್ಳಿ ಹರಡಲಿ. ಒಂಬತ್ತು ಇಂಚಿನಷ್ಟು ಪದರ, ನೀರು, ರೋಲರ್, ಆಮೇಲೆ ಮುಂದಿನ ಪದರ. ಹೀಗೆ ಮಾಡಿದರೆ ನಾಳೆ ಗೋದಾಮಿನ ನೆಲವೂ ಕುಸಿಯುವುದಿಲ್ಲ, ಹಾಗಾಗಿ ಖರ್ಚು ಜಾಸ್ತಿ ಎಂದು ಕೊರಗಬೇಕಿಲ್ಲ. ಗಾಡಿ ನಿಲ್ಲುವ ಜಾಗದಲ್ಲಿ ಎಡ-ಬಲ ಮಟ್ಟ ಸಮ ಇದೆಯೇ ಎಂದು ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಹಿಡಿದು ನೋಡಿ. ಐದು ನಿಮಿಷದ ಕೆಲಸ. ಬಾಡಿ ಎದ್ದಿರುವಾಗ ಎರಡೂ ಪಕ್ಕ ಮೂವತ್ತು ಅಡಿಯೊಳಗೆ ಯಾರೂ ನಿಲ್ಲದಿರಲಿ. ಪಕ್ಕದಲ್ಲಿ ಇನ್ನೊಂದು ಟಿಪ್ಪರ್ ನಿಲ್ಲಿಸಿಕೊಂಡು ಜೋಡಿಯಾಗಿ ಸುರಿಸುವುದಂತೂ ಬೇಡವೇ ಬೇಡ.

ಹೊಂಡದ ಆಳ ನೀವು ಬರೆದಿಲ್ಲ. ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಹೊಂಡದ ಅಂಚಿನಿಂದ ಈಚೆಗೆ ಗಾಡಿ ನಿಲ್ಲಲಿ, ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ಆ ಗೆರೆಯುದ್ದಕ್ಕೂ ಚಕ್ರದ ಅರ್ಧ ಎತ್ತರಕ್ಕೆ, ಅಂದರೆ ಮೊಣಕಾಲಿನ ಮಟ್ಟಕ್ಕೆ, ಗಟ್ಟಿಯಾಗಿ ಮಣ್ಣಿನ ಬದು ಹಾಕಿಸಿ. ಹಿಂದಕ್ಕೆ ಬರುವ ಡ್ರೈವರ್‌ಗೆ ಅದು ಗುರುತು. ಅದಕ್ಕೆ ಚಕ್ರ ಒತ್ತಿ ನಿಲ್ಲಿಸುವ ಅಭ್ಯಾಸ ಒಳ್ಳೆಯದಲ್ಲ.

ಲೋಡಿನ ಲೆಕ್ಕಕ್ಕೆ ಬರುತ್ತೇನೆ. ಹತ್ತು ಚಕ್ರದ, ಅಂದರೆ ಮೂರು ಆಕ್ಸಲ್‌ನ ಗಾಡಿಗೆ 2018ರಿಂದ ಒಟ್ಟು ತೂಕದ ಮಿತಿ 28.5 ಟನ್. ಖಾಲಿ ಗಾಡಿಯೇ ಹತ್ತು ಟನ್ ದಾಟುತ್ತದೆ. ಉಳಿಯುವುದು ಹದಿನೆಂಟು ಟನ್ ಎಂದಿಟ್ಟುಕೊಳ್ಳಿ. ತೇವದ ಗ್ರಾವೆಲ್ ಒಂದು ಘನ ಮೀಟರ್‌ಗೆ ಸುಮಾರು 1.8 ಟನ್ ತೂಗುತ್ತದೆ. ಹಾಗಾದರೆ ಹತ್ತು ಘನ ಮೀಟರ್, ನೂರು ಘನ ಅಡಿಯ ಯೂನಿಟ್ ಲೆಕ್ಕದಲ್ಲಿ ಮೂರೂವರೆ ಯೂನಿಟ್. ನಿಮಗೆ "ಲೋಡಿಗೆ ಐದು ಯೂನಿಟ್" ಎಂದು ದರ ಹೇಳಿದ್ದಾರೆ. ಐದು ಯೂನಿಟ್ ಎಂದರೆ ಮಣ್ಣೇ ಇಪ್ಪತ್ತೈದು ಟನ್, ಗಾಡಿ ಸೇರಿ ಮೂವತ್ತಾರರ ಹತ್ತಿರ. ಅಗ್ಗ ಎಂದು ಕಾಣುವುದು ಈ ಏಳೆಂಟು ಟನ್ ಹೆಚ್ಚುವರಿಯೇ. ಬ್ರೇಕು, ಟೈರು, ನಿಮ್ಮ ಮೋರಿಯ ಪೈಪು, ಬಾಡಿ ಎತ್ತುವ ಜ್ಯಾಕ್ ಎಲ್ಲವೂ ಅದನ್ನು ಹೊರಬೇಕು. ಹನ್ನೆರಡು ಚಕ್ರದ್ದಾದರೆ ಇನ್ನೂ ಭಾರ, ಇನ್ನೂ ಉದ್ದ, ತಿರುಗಲು ಇನ್ನೂ ಜಾಗ ಬೇಕು. ತೋಟದ ದಾರಿಗೆ ಅದು ಸಲ್ಲದು. ನನ್ನನ್ನು ಕೇಳಿದರೆ ರಸ್ತೆಬದಿಯ ಗಟ್ಟಿ ಜಾಗದಲ್ಲಿ, ನಿಮ್ಮ ಸ್ವಂತ ಜಮೀನಿನೊಳಗೆ, ಟಿಪ್ಪರ್ ಸುರಿದು ಹೋಗಲಿ, ಒಳಗಿನ ಸಾಗಣೆ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ನಡೆಯಲಿ. ಎರಡು ಸಲ ಎತ್ತಿ ಹಾಕುವ ಖರ್ಚು ಬರುತ್ತದೆ. ತಂತಿ ಮತ್ತು ಹೊಂಡ ಎರಡೂ ಇರುವ ಜಾಗದಲ್ಲಿ ಆ ಖರ್ಚು ಮಾಡಬಹುದು.

ದರವನ್ನು ಲೋಡಿಗೆ ಇಷ್ಟು ಎಂದು ಮಾತಾಡಿದರೆ ಡ್ರೈವರ್ ಓಡುತ್ತಾನೆ. ಅವನ ಬಾಟಾ ಕೂಡ ಟ್ರಿಪ್ಪಿನ ಮೇಲೇ ನಿಂತಿರುತ್ತದೆ. ಸಾಧ್ಯವಾದರೆ ದಿನದ ಬಾಡಿಗೆಗೆ ಮಾತಾಡಿ. ಆಗದಿದ್ದರೆ ದಿನಕ್ಕೆ ಇಷ್ಟೇ ಲೋಡು, ಕತ್ತಲಾದ ಮೇಲೆ ಇಲ್ಲ ಎಂದು ಮೊದಲೇ ಹೇಳಿ. ಒಳಗೆ ಒಂದು ಸಲಕ್ಕೆ ಒಂದೇ ಗಾಡಿ, ಉಳಿದವು ಹೊರಗೆ ಕಾಯಲಿ.

ಹಿಂದಕ್ಕೆ ಬರುವಾಗ ಕೈ ತೋರಿಸುವವನು ಒಬ್ಬನೇ ಇರಬೇಕು. ನಮ್ಮಲ್ಲಿ ಕ್ಲೀನರ್, ಮಾಲೀಕ, ಮೇಸ್ತ್ರಿ, ದಾರಿಹೋಕ ಎಲ್ಲರೂ "ಬರಲಿ, ಬರಲಿ" ಎಂದು ಕೂಗುತ್ತಾರೆ, ಡ್ರೈವರ್‌ಗೆ ಯಾರದನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಕೈ ತೋರಿಸುವವನು ಡ್ರೈವರ್ ಕುಳಿತಿರುವ ಬಲಗಡೆಗೆ, ಹಿಂದೆ ಸಾಕಷ್ಟು ದೂರ ನಿಲ್ಲಲಿ. ಕನ್ನಡಿಯಲ್ಲಿ ಡ್ರೈವರ್‌ನ ಮುಖ ಅವನಿಗೆ ಕಾಣುತ್ತಿದ್ದರೆ ಡ್ರೈವರ್‌ಗೂ ಅವನು ಕಾಣುತ್ತಾನೆ. ಕಾಣಿಸದಾದ ಕೂಡಲೇ ಗಾಡಿ ನಿಲ್ಲಬೇಕು, ಇದನ್ನು ಡ್ರೈವರ್‌ನ ಬಾಯಿಂದಲೇ ಒಪ್ಪಿಸಿಕೊಳ್ಳಿ. ಕೈಯಲ್ಲಿ ಸೀಟಿ, ಮೈಮೇಲೆ ಎದ್ದು ಕಾಣುವ ಬಣ್ಣದ ಜಾಕೆಟ್ ಇರಲಿ, ಕಿವಿಗೆ ಮೊಬೈಲ್ ಬೇಡ. ಗಾಡಿಯ ಹಿಂದೆ ಮಾತ್ರವಲ್ಲ, ಮೂತಿಯ ಮುಂದೆ ಮತ್ತು ಎಡ ಪಕ್ಕದಲ್ಲೂ ಡ್ರೈವರ್‌ಗೆ ನೆಲ ಕಾಣುವುದಿಲ್ಲ, ಸಣ್ಣ ಮಗುವಂತೂ ಕಾಣುವುದೇ ಇಲ್ಲ. ಮಕ್ಕಳಿಗೆ ಟಿಪ್ಪರ್ ಜಾತ್ರೆಯಿದ್ದ ಹಾಗೆ. ಗದರಿಸಿ ಪ್ರಯೋಜನವಿಲ್ಲ. ಕೆಲಸ ನಡೆಯುವ ದಿನಗಳಲ್ಲಿ ಅವರನ್ನು ಅಜ್ಜಿಯ ಮನೆಗೆ ಕಳುಹಿಸಿಬಿಡಿ, ಇಲ್ಲವೇ ಅವರನ್ನು ನೋಡಿಕೊಳ್ಳುವುದೇ ಒಬ್ಬರ ಕೆಲಸವಾಗಿರಲಿ.

ಹಿಂಬಾಗಿಲಿನ ಕೊಂಡಿ ಮಣ್ಣು ಮೆತ್ತಿ ಬಿಗಿದಿದ್ದರೆ ಕ್ಲೀನರ್ ಸರಳು ಹಿಡಿದು ಬಾಗಿಲ ಎದುರಿಗೇ ನಿಂತು ಬಡಿಯುತ್ತಾನೆ. ಪಕ್ಕಕ್ಕೆ ನಿಂತು ಬಡಿಯಲು ಹೇಳಿ. ಬಾಡಿ ಎತ್ತಿದ ಮೇಲೆ ಕೊಂಡಿ ಬಿಚ್ಚಲು ಹೋಗುವುದಂತೂ ಕೂಡದು. ಹಾಗೆಯೇ ಎತ್ತಿದ ಬಾಡಿಗೂ ಚಾಸಿಗೂ ನಡುವೆ ಆಸರೆ ಸರಳು ಕೊಡದೆ ಯಾರೂ ತಲೆ ತೂರಿಸಬಾರದು. ಹೈಡ್ರಾಲಿಕ್ ಪೈಪು ಒಡೆದರೆ ಬಾಡಿ ಇಳಿಯಲು ಕ್ಷಣವೂ ಬೇಡ. ಜ್ಯಾಕಿನ ಬುಡದಲ್ಲಿ ಎಣ್ಣೆ ತೊಟ್ಟಿಕ್ಕುವ ಗಾಡಿಯನ್ನು ಮೊದಲ ಲೋಡಿಗೇ ವಾಪಸು ಕಳುಹಿಸಿ. ಹಿಂದಿನ ಹಾರ್ನ್, ಎರಡು ಕನ್ನಡಿ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ವಿಮೆ, ಭಾರಿ ವಾಹನದ ಲೈಸೆನ್ಸ್, ಇವನ್ನು ಅಂದೇ ನೋಡಿಕೊಳ್ಳಿ.

ಹೊಂಡದ ಆಳ, ತಂತಿಯಿಂದ ಗೋದಾಮಿನ ಪಾಯಕ್ಕೆ ಇರುವ ದೂರ, ಒಳಗೆ ಬರುವ ದಾರಿಯ ಒಂದು ಫೋಟೊ ಹಾಕಿದರೆ ಗಾಡಿ ಯಾವ ಕಡೆಯಿಂದ ತಿರುಗಬೇಕು ಎಂದು ಹೇಳಬಲ್ಲೆ. ಶಾಖಾ ಕಚೇರಿಗೆ ಹೋಗುವಾಗ ಎರಡೂ ಕಂಬಗಳ ಮೇಲೆ ಬರೆದಿರುವ ಸಂಖ್ಯೆಯನ್ನು ಗುರುತು ಹಾಕಿಕೊಂಡು ಹೋಗಿ, ಅದಿಲ್ಲದಿದ್ದರೆ ಯಾವ ಲೈನು ಎಂದು ಹುಡುಕುವುದರಲ್ಲೇ ನಿಮ್ಮನ್ನು ಇನ್ನೊಂದು ದಿನ ಓಡಾಡಿಸುತ್ತಾರೆ.