ಒಂದೇ ನದಿ, ಬೇರೆ ಬೇರೆ ಬಸವನಹುಳು

ಪ್ರಶ್ನೆ: ಪುಣೆ ಪೇಟೆಯೊಳಗೆ ಮುಠಾ ನದಿಯ ದಂಡೆಯಲ್ಲಿ ಕಡಲೆಕಾಳಿನಷ್ಟಿರುವ ತೆಳುಚಿಪ್ಪಿನ ಹುಳುಗಳೇ ತುಂಬಿವೆ. ನದಿಯ ಮೇಲ್ಭಾಗದ ಖಡಕ್‌ವಾಸ್ಲಾ ಅಣೆಕಟ್ಟೆಯ ಕಡೆ ಹೋದರೆ ಕಂದು ಪಟ್ಟೆಯ ದೊಡ್ಡವು ಕಾಣುತ್ತವೆ. ಯಾಕೆ ಹೀಗೆ?
— ಓದುಗರು, ಕೋಥ್ರೂಡ್

ಉತ್ತರ: ಒಂದು ಚಿಪ್ಪನ್ನು ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ಎಡಗಡೆಗಿದ್ದು, ಹುಳು ಒಳಗೆ ಸರಿದಾಗ ಬಾಯಿ ಮುಚ್ಚುವ ಗಟ್ಟಿ ಮುಚ್ಚಳ ಇಲ್ಲದಿದ್ದರೆ ಅದು ಫೈಸಾ. ಉತ್ತರ ಅಮೆರಿಕ ಮೂಲದ ಇದು ಅಕ್ವೇರಿಯಂ ಗಿಡಗಳಿಗೆ ಅಂಟಿಕೊಂಡು ಊರೂರು ಸೇರುತ್ತದೆ. ಬಾಯಿ ಬಲಗಡೆಗಿದ್ದು ಮುಚ್ಚಳ ಇಲ್ಲದ್ದು ಲಿಮ್ನಿಯಾ. ಇವೆರಡೂ ನೀರಿನ ಮೇಲಕ್ಕೆ ಬಂದು ಗಾಳಿ ಎಳೆದುಕೊಳ್ಳುತ್ತವೆ. ಚರಂಡಿ ನೀರು ಸೇರಿ ಆಮ್ಲಜನಕ ಕುಸಿದರೂ ಇವಕ್ಕೆ ಅಷ್ಟು ತೊಂದರೆಯಿಲ್ಲ. ನೀವು ಹೇಳುವ ಪಟ್ಟೆಯದು ಬೆಲ್ಲಾಮಿಯಾ ಇರಬೇಕು. ಅದಕ್ಕೆ ಮುಚ್ಚಳವಿದೆ, ಉಸಿರಾಟ ಕಿವಿರಿನಿಂದ, ಮೊಟ್ಟೆಯಿಡದೆ ಮರಿ ಹಾಕುತ್ತದೆ. ನಿಧಾನವಾದ ನೀರು, ಕೆಸರಿನ ತಳ ಬೇಕು. ನೀರಿನಲ್ಲಿ ಆಮ್ಲಜನಕ ತೀರಿದರೆ ಉಳಿಯದು.

ಎಲ್ಲಿ ಯಾವ ಹುಳು ಎಷ್ಟಿದೆ ಎಂದು ಎಣಿಸುವಾಗ ಖಾಲಿ ಚಿಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಳೆಗಾಲದ ಹೊಳೆ ಅದನ್ನು ಎಲ್ಲಿಂದಲೋ ತಂದು ಹಾಕಿರುತ್ತದೆ. ಈ ತಪ್ಪಿನಿಂದಲೇ ಎಷ್ಟೋ ಪಟ್ಟಿಗಳು ಕೆಡುತ್ತವೆ.

ಪ್ರಶ್ನೆ: ಖಂಡಾಲಾ ಘಾಟಿನಲ್ಲಿ ಜಲಪಾತದ ಪಕ್ಕ, ನೀರು ಜಿನುಗುವ ಕಡಿದಾದ ಬಂಡೆಗೆ ಪುಟ್ಟ ಬಸವನಹುಳುಗಳು ಕಚ್ಚಿಕೊಂಡಿದ್ದವು. ಅವು ನೆಲದವೋ ನೀರಿನವೋ?
— ಓದುಗರು, ಡೊಂಬಿವಲಿ

ಉತ್ತರ: ಮುಚ್ಚಳವಿತ್ತೇ? ಇದ್ದರೆ ನೀವು ನೋಡಿದ್ದು ಬಹುಶಃ ಕ್ರೆಮ್ನೊಕಾಂಕಸ್. ಇದರ ಬಳಗದವೆಲ್ಲ ಸಮುದ್ರ ದಂಡೆಯ ಬಂಡೆಗಳ ಮೇಲೆ, ಅಲೆ ಸಿಡಿಯುವ ಕಡೆ ಇರುವಂಥವು. ಇದೊಂದು ಮಾತ್ರ ಘಟ್ಟ ಹತ್ತಿ ಸಿಹಿನೀರಿಗೆ ಒಗ್ಗಿಕೊಂಡಿದೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಬ್ರಿಟಿಷ್ ನಿಸರ್ಗ ವಿಜ್ಞಾನಿ ಬ್ಲಾನ್‌ಫೋರ್ಡ್ 1869ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಬಹುಕಾಲ ಮಹಾರಾಷ್ಟ್ರದ ಘಟ್ಟದಂಚಿನ ಮೂರು ಜಾತಿಗಳಷ್ಟೇ ಗೊತ್ತಿದ್ದವು. 2013ರಲ್ಲಿ ನಮ್ಮ ಕರ್ನಾಟಕದ ಘಟ್ಟಗಳಿಂದ ಇನ್ನೂ ಆರು ಸೇರಿದವು. ಎರಡು ಗುಂಪುಗಳ ನಡುವೆ ಸುಮಾರು 500 ಕಿ.ಮೀ. ಅಂತರ.

ತುಂತುರಿನಿಂದ ಸದಾ ಒದ್ದೆಯಾಗಿರುವ ಬಂಡೆಯೇ ಇವುಗಳ ಮನೆ. ಕೆಳಗಿನ ಹೊಂಡದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಫೋಟೊ ತೆಗೆಯುವಾಗ ಅಳತೆಗೆ ಒಂದು ನಾಣ್ಯ ಪಕ್ಕಕ್ಕಿಡಿ. ಬಾಟಲಿಯಲ್ಲಿ ಹಾಕಿಕೊಂಡು ಮನೆಗೆ ತರುವ ಆಸೆ ಬೇಡ.

ಪ್ರಶ್ನೆ: ಗದ್ದೆಯ ದೊಡ್ಡ ಬಸವನಹುಳುಗಳು ಬೇಸಿಗೆಯಲ್ಲಿ ಮಾಯವಾಗಿ ಮೊದಲ ಮಳೆಗೆ ಹೇಗೆ ಬರುತ್ತವೆ? ತೊಟ್ಟಿಯಲ್ಲಿ ನಾಲ್ಕು ಸಾಕಿದ್ದೇವೆ, ಬಾವಿ ನೀರು ಹಾಕುತ್ತೇವೆ. ಚಿಪ್ಪಿನ ತುದಿ ಬೆಳ್ಳಗಾಗಿ ಸವೆಯುತ್ತಿದೆ.
— ಓದುಗರು, ಫೋಂಡಾ

ಉತ್ತರ: ಅವು ಪೈಲಾ. ಕಿವಿರೂ ಇದೆ, ಶ್ವಾಸಕೋಶವೂ ಇದೆ. ಗದ್ದೆ ಒಣಗುತ್ತಿದ್ದಂತೆ ಕೆಸರಿನೊಳಗೆ ಇಳಿದು ಮುಚ್ಚಳ ಬಿಗಿದು ತಿಂಗಳುಗಟ್ಟಲೆ ಮಲಗುತ್ತವೆ. ಖಾಜನ್ ಗದ್ದೆಗೆ (ಅಳಿವೆಯ ಪಕ್ಕ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆ) ಉಪ್ಪುನೀರು ನುಗ್ಗಿದರೆ ಮಾತ್ರ ಕಷ್ಟ. ಅಲ್ಲಿ ಉಪ್ಪು ತಾಳುವ ಉದ್ದ ಶಂಖದ ಮೆಲನಾಯ್ಡಿಸ್ ಉಳಿದೀತು.

ಚಿಪ್ಪು ಸವೆಯುವುದು ಸುಣ್ಣದಂಶದ ಕೊರತೆಯಿಂದ. ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಮೃದು, ತುಸು ಹುಳಿ. ಹುಳಿ ನೀರು ಹಳೆಯ ಭಾಗವಾದ ತುದಿಯನ್ನೇ ಮೊದಲು ತಿನ್ನುತ್ತದೆ. ನೀರಿನ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದದ ಪಟ್ಟಿಯಿಂದ ಅಳೆಯಿರಿ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು), 7.2ರಿಂದ 8 ಇರಲಿ. ಕಡಿಮೆಯಿದ್ದರೆ 40 ಲೀಟರಿಗೆ 50 ಗ್ರಾಂನಷ್ಟು ಹವಳದ ಚೂರನ್ನು ಬಲೆಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಡಿ, ವಾರ ಬಿಟ್ಟು ಮತ್ತೆ ಅಳೆಯಿರಿ. ತಿನ್ನುವ ಸುಣ್ಣ ಹಾಕಿದರೆ ಪಿಎಚ್ ಒಮ್ಮೆಗೇ ಏರಿ ಹುಳು ಸಾಯುತ್ತದೆ. ಸವೆದ ತುದಿ ಮತ್ತೆ ಬೆಳೆಯದು. ಬಾಯಂಚಿನ ಹೊಸ ಚಿಪ್ಪು ಗಟ್ಟಿಯಾಗಿ ಬಂದರೆ ಸಾಕು. ತಾಮ್ರ ಸೇರಿದ ಮೀನಿನ ಔಷಧಿ ತೊಟ್ಟಿಯ ಹತ್ತಿರವೂ ಬೇಡ.

ಪೈಲಾ ಬಿಳಿ ಮೊಟ್ಟೆಗಳನ್ನು ದಂಡೆಯ ಹಸಿ ಮಣ್ಣಿನಲ್ಲಿ ಇಡುತ್ತದೆ. ನೀರಿನ ಮೇಲೆ, ಗಿಡದ ಕಾಂಡಕ್ಕೆ ಗುಲಾಬಿ ಗೊಂಚಲು ಅಂಟಿದ್ದರೆ ಅದು ಪರದೇಶದ ಪೊಮೇಸಿಯಾ, ಭತ್ತಕ್ಕೆ ಶತ್ರು. ಕೈಗವಸು ಹಾಕಿ ಕೆರೆದು ಜಜ್ಜಿಬಿಡಿ.

ಪ್ರಶ್ನೆ: ಅಕ್ವೇರಿಯಂನ ನೆರೈಟ್ ಬಸವನಹುಳು ಗಾಜಿನ ತುಂಬ ಬಿಳಿ ಚುಕ್ಕೆ ಮೊಟ್ಟೆ ಇಡುತ್ತದೆ, ಒಂದು ಮರಿಯೂ ಇಲ್ಲ.
— ಓದುಗರು, ಅಂಧೇರಿ

ಉತ್ತರ: ಆಗುವುದೂ ಇಲ್ಲ. ಸಮುದ್ರ ಸೇರುವ ಹೊಳೆಗಳ ಕೆಳಭಾಗದ ಹುಳು ಅದು. ಮರಿಗಳಿಗೆ ಮೊದಲ ದಿನಗಳಲ್ಲಿ ಉಪ್ಪುನೀರು ಬೇಕು. ಚುಕ್ಕೆಗಳನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಬಹುದು.